ಟ್ರೇಲರ್ ಕಳುವಾಗದಂತೆ ಹಿಚ್ ಲಾಕ್ ಆರಿಸುವುದು ಹೇಗೆ? ದಾವಣಗೆರೆ, ಚಿತ್ರದುರ್ಗದ ರೈತರಿಗೆ ಸಮಗ್ರ ಮಾರ್ಗದರ್ಶಿ

ಟ್ರ್ಯಾಕ್ಟರ್‌ಗೆ ಕೀ ಇದೆ. ಪಂಪ್‌ಸೆಟ್ ಮನೆಗೆ ಬೀಗ ಇದೆ. ಟ್ರೇಲರ್‌ಗೆ ಮಾತ್ರ ಏನೂ ಇಲ್ಲ. ಸುಗ್ಗಿ ಮುಗಿದ ಮೇಲೆ ಅದನ್ನು ಕಣದಲ್ಲೋ, ತೋಟದ ಬೇಲಿ ಪಕ್ಕವೋ, ಊರ ಹೊರಗಿನ ರಸ್ತೆ ಬದಿಯಲ್ಲೋ ಬಿಚ್ಚಿ ನಿಲ್ಲಿಸುತ್ತೇವೆ. ಜಾಕ್ ಇಳಿಸಿ, ಪಿನ್ ಕಿತ್ತುಕೊಂಡು ಮನೆಗೆ ಬರುತ್ತೇವೆ. ಪಿನ್ ನಮ್ಮ ಹತ್ತಿರವೇ ಇದೆಯಲ್ಲ, ಇನ್ನೇನು ಭಯ ಅಂತ ಎಷ್ಟೋ ಜನ ನಂಬಿದ್ದಾರೆ.

ಕಳ್ಳನಿಗೆ ನಿಮ್ಮ ಪಿನ್ ಬೇಕಾಗಿಲ್ಲ. ಅವನು ಬರುವುದೇ ಇನ್ನೊಂದು ಟ್ರ್ಯಾಕ್ಟರ್ ತಗೊಂಡು. ಅದರಲ್ಲಿ ಅವನದೇ ಪಿನ್ ಇರುತ್ತದೆ. ರಿವರ್ಸ್ ಬಂದು, ಟ್ರೇಲರ್ ಮುಂತುದಿಯ ರಿಂಗನ್ನು ತನ್ನ ಗಾಡಿಯ ಹಿಚ್ಚಿಗೆ ಕೂರಿಸಿ, ಪಿನ್ ಇಳಿಸಿದರೆ ಕೆಲಸ ಮುಗಿಯಿತು. ರಾತ್ರಿ ಹೊತ್ತು ಟ್ರ್ಯಾಕ್ಟರ್ ಒಂದು ಟ್ರೇಲರ್ ಎಳೆದುಕೊಂಡು ಹೋದರೆ ನಮ್ಮ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಮೆಕ್ಕೆಜೋಳದ ಕಾಲದಲ್ಲಿ ದಾವಣಗೆರೆ ಎಪಿಎಂಸಿ ಕಡೆಗೆ ಗಾಡಿಗಳು ಹೊತ್ತಿಲ್ಲದ ಹೊತ್ತಿನಲ್ಲಿ ಓಡಾಡುತ್ತವೆ. ಚಳ್ಳಕೆರೆ ಕಡೆ ಶೇಂಗಾ ಕಾಲದಲ್ಲೂ ಹಾಗೆಯೇ. ಆ ಸಾಲಿನಲ್ಲಿ ನಿಮ್ಮದೂ ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ?

ಹಿಚ್ ಲಾಕ್ ಹಾಕುವುದು ಇದಕ್ಕೇ. ಟ್ರೇಲರನ್ನು ಬೇರೆ ಗಾಡಿಗೆ ಸಿಕ್ಕಿಸಲು ಆಗದಂತೆ ರಿಂಗನ್ನೇ ಮುಚ್ಚಿಬಿಡುವ ಬೀಗ ಇದು. ಯುರೋಪಿನಲ್ಲಿ ಕಾರಿನ ಹಿಂದೆ ಕ್ಯಾರವಾನ್, ಅಂದರೆ ಮನೆಯಂಥ ಟ್ರೇಲರ್ ಎಳೆಯುವವರು ಇದನ್ನು ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅಲ್ಲಿ ಇದಕ್ಕೆ ಪರೀಕ್ಷೆ ಇದೆ, ದರ್ಜೆ ಇದೆ. ನಮ್ಮ ಟ್ರ್ಯಾಕ್ಟರ್ ಟ್ರೇಲರ್‌ಗೂ ತತ್ವ ಅದೇ. ಆದರೆ ಅವರ ಬೀಗ ನಮ್ಮ ರಿಂಗ್‌ಗೆ ಕೂರುವುದಿಲ್ಲ. ಇಲ್ಲಿಯೇ ಬಹಳ ಜನ ದುಡ್ಡು ಕಳೆದುಕೊಳ್ಳುತ್ತಾರೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಟ್ರೇಲರ್ ಹತ್ತಿರ ಹೋಗಿ.

ಮೊದಲ ಹೆಜ್ಜೆ: ಎರಡು ಚಕ್ರವೋ, ನಾಲ್ಕು ಚಕ್ರವೋ?

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾವ ಬೀಗ ಸಾಕು, ಯಾವುದು ಸಾಲದು ಅನ್ನುವುದು ಇದರ ಮೇಲೇ ನಿಂತಿದೆ.

ಎರಡು ಚಕ್ರದ ಟ್ರೇಲರ್‌ನ ಭಾರದಲ್ಲಿ ಒಂದು ಪಾಲು ಮೂತಿಯ ಮೇಲೆ, ಅಂದರೆ ರಿಂಗ್ ಇರುವ ಮುಂದಿನ ಚೌಕಟ್ಟಿನ ಮೇಲೆ ಇರುತ್ತದೆ. ಬಿಚ್ಚಿದ ಮೇಲೆ ಮೂತಿ ಜಾಕ್ ಮೇಲೆ ನಿಲ್ಲುತ್ತದೆ. ರಿಂಗ್‌ಗೆ ಬೀಗ ಬಿದ್ದರೆ ಕಳ್ಳನಿಗೆ ಕಷ್ಟ ಜಾಸ್ತಿ. ಸುಮ್ನೆ ಸರಪಳಿ ಸುತ್ತಿ ಎಳೆದರೆ ಜಾಕ್ ನೆಲ ಉಳುತ್ತದೆ. ಮೂತಿಯನ್ನು ಮೇಲೆತ್ತಿ ತನ್ನ ಗಾಡಿಗೆ ನೇತು ಹಾಕಿಕೊಂಡರೆ ಮಾತ್ರ ಅವನು ಹೋಗಬಹುದು.

ನಾಲ್ಕು ಚಕ್ರದ್ದು ತನ್ನ ಚಕ್ರಗಳ ಮೇಲೇ ನಿಲ್ಲುತ್ತದೆ. ಅದರ ಮೂತಿ ಹಗುರ. ಒಬ್ಬನೇ ಎತ್ತಬಹುದು. ರಿಂಗ್ ಮುಚ್ಚಿದ್ದರೂ ಮೂತಿಯ ಚೌಕಟ್ಟಿಗೆ ಸರಪಳಿ ಹಾಕಿ ನಿಧಾನವಾಗಿ ಎಳೆದುಕೊಂಡು ಹೋಗಬಹುದು. ಹಾಗಾಗಿ ನಾಲ್ಕು ಚಕ್ರದ ಟ್ರೇಲರ್‌ಗೆ ಹಿಚ್ ಲಾಕ್ ಒಂದೇ ಸಾಲದು, ಚಕ್ರಕ್ಕೂ ಬೀಗ ಬೇಕೇ ಬೇಕು. ಇದನ್ನು ಹೇಳದೆ ಬೀಗ ಮಾರುವವರ ಮಾತು ಕೇಳಬೇಡಿ.

ಎರಡನೇ ಹೆಜ್ಜೆ: ರಿಂಗ್ ಅಳತೆ

ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲೇತ್ ಅಂಗಡಿಯವರಿಂದ ಅರ್ಧ ಗಂಟೆ ಕೇಳಿ ತನ್ನಿ. ಟೇಪಿನಲ್ಲಿ ಅಳೆದರೆ ಎರಡು ಮೂರು ಮಿಲಿಮೀಟರ್ ತಪ್ಪುತ್ತದೆ. ಈ ಕೆಲಸದಲ್ಲಿ ಅಷ್ಟು ತಪ್ಪು ಜಾಸ್ತಿಯೇ ಆಯಿತು.

ಮೊದಲು ರಿಂಗ್ ರಂಧ್ರದ ಒಳ ವ್ಯಾಸ ಅಳೆಯಿರಿ. ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಅಳೆಯಿರಿ. ಹಳೆಯ ಟ್ರೇಲರ್‌ನಲ್ಲಿ ಪಿನ್ ಉಜ್ಜಿ ಉಜ್ಜಿ ರಂಧ್ರ ಮೊಟ್ಟೆ ಆಕಾರಕ್ಕೆ ಬಂದಿರುತ್ತದೆ. ಎರಡೂ ಅಳತೆ ಬರೆದಿಟ್ಟುಕೊಳ್ಳಿ. ಬೀಗದ ಸರಳು ಚಿಕ್ಕ ಅಳತೆಗೆ ಹೊಂದಬೇಕು. ದೊಡ್ಡ ಅಳತೆಗೂ ಚಿಕ್ಕದಕ್ಕೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿದ್ದರೆ ಬೀಗ ಆಮೇಲೆ, ಮೊದಲು ರಿಂಗ್ ಬದಲಿಸಿ. ಅಂಥ ರಿಂಗ್ ಲೋಡು ಹೊತ್ತು ಏರು ಹತ್ತುವಾಗ ಕೈಕೊಟ್ಟರೆ ಪ್ರಾಣಕ್ಕೇ ಅಪಾಯ.

ಆಮೇಲೆ ರಿಂಗಿನ ದಪ್ಪ, ಹೊರ ಅಗಲ, ಮತ್ತು ರಿಂಗ್ ಹಿಂದೆ ಮೂತಿಯ ಪ್ಲೇಟ್ ಶುರುವಾಗುವ ತನಕ ಎಷ್ಟು ಜಾಗ ಇದೆ ಅನ್ನುವುದು. ಡಬ್ಬಿಯಂಥ ಬೀಗ ಕೂರಲು ಈ ಜಾಗ ಬೇಕು. ಕೊನೆಗೆ ರಿಂಗ್ ಮೂತಿಗೆ ಹೇಗೆ ಸೇರಿದೆ ನೋಡಿ. ವೆಲ್ಡ್ ಆಗಿದೆಯೋ, ಬೋಲ್ಟ್ ಹಾಕಿದೆಯೋ? ಬೋಲ್ಟ್ ಇದ್ದರೆ ಕಳ್ಳ ಬೀಗದ ತಂಟೆಗೆ ಹೋಗುವುದೇ ಇಲ್ಲ. ಪಾನಾ ಹಾಕಿ ರಿಂಗನ್ನು ಬೀಗದ ಸಮೇತ ಬಿಚ್ಚಿ ಪಕ್ಕಕ್ಕೆ ಇಟ್ಟು, ತನ್ನ ರಿಂಗ್ ಹಾಕಿಕೊಳ್ಳುತ್ತಾನೆ. ಇದಕ್ಕೆ ಪರಿಹಾರ ಸುಲಭ. ನಟ್ ಬಿಗಿ ಮಾಡಿದ ಮೇಲೆ ಹೊರಗೆ ಚಾಚಿದ ಬೋಲ್ಟ್ ತುದಿಯನ್ನು ಸುತ್ತಿಗೆಯಿಂದ ಬಡಿದು ಹರಡಿಸಿ, ಇಲ್ಲವೇ ನಟ್ಟಿಗೂ ಬೋಲ್ಟಿಗೂ ಸೇರಿಸಿ ಒಂದು ಚುಕ್ಕೆ ವೆಲ್ಡ್ ಹಾಕಿಸಿ. ಮುಂದೆ ರಿಂಗ್ ಬದಲಿಸುವಾಗ ಗ್ರೈಂಡರ್ ಬೇಕಾಗುತ್ತದೆ, ಅಷ್ಟೇ. ಆದರೆ ರಿಂಗ್ ಮೇಲೆ ಮಾತ್ರ ವೆಲ್ಡ್ ಬೇಡ. ಅದು ಕಾಯಿಸಿ ಬಡಿದು ಮಾಡಿದ ಉಕ್ಕು. ಮತ್ತೆ ಬಿಸಿ ತಾಗಿದ ಜಾಗದಲ್ಲಿ ಬಲ ಕಳೆದುಕೊಂಡು ಬಿರುಕು ಬಿಡಬಹುದು.

ಮೂರನೇ ಹೆಜ್ಜೆ: ಯಾವ ಮಾದರಿಯ ಬೀಗ?

ಆನ್‌ಲೈನ್‌ನಲ್ಲಿ ಟ್ರೇಲರ್ ಲಾಕ್ ಅಂತ ಹುಡುಕಿದರೆ ಸಾಲು ಸಾಲು ಬರುತ್ತವೆ. ಅವುಗಳಲ್ಲಿ ಜಾಸ್ತಿ ಪಾಲು ಬಾಲ್ ಕಪ್ಲರ್‌ಗೆ ಮಾಡಿದವು. ಅಂದರೆ ಕಾರಿನ ಹಿಂದೆ ಉಕ್ಕಿನ ಗುಂಡು, ಟ್ರೇಲರ್ ಕಡೆ ಅದನ್ನು ಹಿಡಿಯುವ ಬಟ್ಟಲು ಇರುವ ಜೋಡಣೆ. ಯುರೋಪಿನಲ್ಲಿ ಆ ಗುಂಡು 50 ಮಿ.ಮೀ. ಅಮೆರಿಕದಲ್ಲಿ ಒಂದೂ ಮುಕ್ಕಾಲಿಗಿಂತ ಸ್ವಲ್ಪ ದೊಡ್ಡದು, ಎರಡು ಇಂಚು, ಎರಡೂಕಾಲಿಗಿಂತ ಸ್ವಲ್ಪ ದೊಡ್ಡದು ಅಂತ ಮೂರು ಅಳತೆ ಚಾಲ್ತಿಯಲ್ಲಿವೆ. ವಿವರದಲ್ಲಿ ಬಾಲ್ ಸೈಜ್ ಅಂತ ಬರೆದಿದ್ದರೆ ಅದು ನಿಮ್ಮ ರಿಂಗ್‌ಗಲ್ಲ. ಫೋಟೋ ಎಷ್ಟೇ ಗಟ್ಟಿಯಾಗಿ ಕಾಣಲಿ, ತರಿಸಬೇಡಿ.

ರಿಂಗ್‌ಗೆ ಹೊಂದುವುದು ಮುಖ್ಯವಾಗಿ ಎರಡು ಬಗೆ.

ಒಂದು, ಸರಳಿನ ಬೀಗ. ದಪ್ಪ ಉಕ್ಕಿನ ಸರಳು ರಿಂಗಿನೊಳಗೆ ತೂರುತ್ತದೆ. ಒಂದು ತುದಿಗೆ ಅಗಲವಾದ ತಲೆ, ಇನ್ನೊಂದು ತುದಿಗೆ ಬೀಗ. ನೋಡಲು ಸರಳ, ಸಾಗಿಸಲು ಹಗುರ. ಇಲ್ಲಿ ಒಂದೇ ಒಂದು ವಿಷಯ ಮರೆಯಬೇಡಿ: ಸರಳು ರಂಧ್ರವನ್ನು ಪೂರ್ತಿ ತುಂಬಬೇಕು. ರಂಧ್ರ 50 ಮಿ.ಮೀ. ಇದ್ದು ಸರಳು 25 ಮಿ.ಮೀ. ಇದ್ದರೆ ರಂಧ್ರದ ಅರ್ಧ ಅಗಲ ಖಾಲಿ ಉಳಿಯಿತು ಅಲ್ವಾ? ಆ ಸಂದಿಯಲ್ಲಿ ಒಂದು ಬೋಲ್ಟ್ ತೂರಿಸಿ ಎಳೆದುಕೊಂಡು ಹೋಗುತ್ತಾರೆ. ಬೀಗ ಪೂರಾ ನೆಟ್ಟಗಿರುತ್ತದೆ, ಟ್ರೇಲರ್ ಇರುವುದಿಲ್ಲ. ಸರಳಿಗೂ ರಂಧ್ರಕ್ಕೂ ನಡುವೆ 2–3 ಮಿ.ಮೀ.ಗಿಂತ ಜಾಸ್ತಿ ಸಂದಿ ಬಿಡಬೇಡಿ. ಎರಡೂ ಕಡೆಯ ತಲೆ ರಿಂಗಿನ ಅಂಚನ್ನು ದಾಟುವಷ್ಟು ಅಗಲ ಇದ್ದರೆ ಇನ್ನೂ ಒಳ್ಳೆಯದು. ಆಗ ಟ್ರ್ಯಾಕ್ಟರ್ ಹಿಚ್ಚಿನ ಎರಡು ಪ್ಲೇಟುಗಳ ನಡುವೆ ರಿಂಗ್ ನುಗ್ಗುವುದೇ ಇಲ್ಲ.

ಇನ್ನೊಂದು, ಡಬ್ಬಿ ಬೀಗ. ರಿಂಗ್ ಪೂರ್ತಿ ಒಂದು ಉಕ್ಕಿನ ಡಬ್ಬಿಯೊಳಗೆ ಹೋಗುತ್ತದೆ. ಒಳಗೆ ರಂಧ್ರ ತುಂಬುವ ಸರಳು ಇರುತ್ತದೆ. ಬೀಗವೂ ಒಂದು ಗೂಡಿನೊಳಗೆ ಕೂರುತ್ತದೆ. ಕಟರ್ ಬಾಯಿ ಹಾಕಲು ಜಾಗವಿಲ್ಲ, ಸುತ್ತಿಗೆ ಬೀಸಲು ಮೂಲೆ ಸಿಗುವುದಿಲ್ಲ. ರೆಡಿಮೇಡ್ ಸಿಕ್ಕುವುದು ಅಪರೂಪ, ಮಾಡಿಸಿಕೊಳ್ಳಬೇಕು. ಟ್ರೇಲರ್ ತಿಂಗಳುಗಟ್ಟಲೆ ಹೊಲದಲ್ಲೇ ನಿಲ್ಲುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಬೇರೆ ಯೋಚನೆ ಬೇಡ.

ಸೈಕಲ್ ಕೇಬಲ್, ತೆಳು ಸರಪಳಿಗೆ ಮನೆ ಬೀಗ ಹಾಕಿ ರಿಂಗ್‌ಗೆ ಸುತ್ತುವುದು ಮೂರನೇ ಬಗೆ ಅಂತ ಲೆಕ್ಕಕ್ಕೇ ಬರುವುದಿಲ್ಲ. ಕೈ ಕಟರ್‌ನಲ್ಲಿ ಒಂದು ಒತ್ತು ಸಾಕು.

ಒಂದು ಮಾತು ಸ್ಪಷ್ಟವಾಗಿರಲಿ. ಬ್ಯಾಟರಿ ಗ್ರೈಂಡರ್ ತಂದವನನ್ನು ಪೂರ್ತಿ ತಡೆಯುವ ಬೀಗ ಯಾವುದೂ ಇಲ್ಲ. ಆದರೆ ಗ್ರೈಂಡರ್ ಸದ್ದು ರಾತ್ರಿ ಹೊತ್ತು ಬಹಳ ದೂರ ಕೇಳುತ್ತದೆ, ಕಿಡಿ ಹಾರುವುದು ಕಾಣುತ್ತದೆ. ಕಳ್ಳನಿಗೆ ಬೇಕಾಗಿರುವುದು ಸದ್ದಿಲ್ಲದ ಎರಡು ನಿಮಿಷ. ಅದನ್ನು ಸದ್ದಿನ ಕಾಲು ಗಂಟೆ ಮಾಡುವುದೇ ನಮ್ಮ ಗುರಿ. ದಪ್ಪ, ಗಟ್ಟಿತನ, ಅಳತೆ ಎಲ್ಲವನ್ನೂ ಆ ಲೆಕ್ಕದಲ್ಲೇ ನೋಡಿ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿ ಪರೀಕ್ಷೆ

ಜೇಬಿನಲ್ಲಿ ಒಂದು ಅಯಸ್ಕಾಂತ, ಒಂದು ಸಣ್ಣ ಅರ ಇಟ್ಟುಕೊಂಡು ಹೋಗಿ.

ಬೀಗದ ಮೈಗೆ ಅಯಸ್ಕಾಂತ ಹಿಡಿಯಿರಿ. ಗಟ್ಟಿಯಾಗಿ ಅಂಟಿದರೆ ಉಕ್ಕು. ಅಂಟದಿದ್ದರೆ ಹಿತ್ತಾಳೆ, ಅಲ್ಯೂಮಿನಿಯಂ ಇಲ್ಲವೇ ಸತುವಿನ ಎರಕ ಆಗಿರಬಹುದು. ಎರಕದ ಮೈಗೆ ಬಣ್ಣ ಬಳಿದರೆ ಉಕ್ಕಿನ ಹಾಗೇ ಕಾಣುತ್ತದೆ, ಆದರೆ ಸುತ್ತಿಗೆ ಏಟಿಗೆ ಒಡೆಯುತ್ತದೆ. ಕೆಲವು ಸ್ಟೇನ್‌ಲೆಸ್ ಸ್ಟೀಲಿಗೂ ಅಯಸ್ಕಾಂತ ಅಂಟುವುದಿಲ್ಲ. ಅನುಮಾನ ಇದ್ದರೆ ತೂಕ ನೋಡಿ, ಕೇಳಿ ತಿಳಿದುಕೊಳ್ಳಿ.

ಆಮೇಲೆ ಬೀಗದ ಕೊಂಡಿ. ಅದರ ಮೇಲೆ ಹಾರ್ಡನ್ಡ್ ಅಂತ ಕೊರೆದಿರಬೇಕು. ಅಂಗಡಿಯವರು ಒಪ್ಪಿದರೆ ಕಾಣದ ಜಾಗದಲ್ಲಿ ಅರ ಒಮ್ಮೆ ಎಳೆಯಿರಿ. ಅರ ಜಾರಿ ಹೋದರೆ ಗಟ್ಟಿ ಮಾಡಿದ ಉಕ್ಕು. ಕಚ್ಚಿ ಪುಡಿ ಉದುರಿದರೆ ಮೆತ್ತಗಿನ ಕಬ್ಬಿಣ. ಕೊಂಡಿ 12 ಮಿ.ಮೀ.ಗಿಂತ ಕಡಿಮೆ ಇದ್ದು ಹೊರಗೆ ಚಾಚಿಕೊಂಡಿದ್ದರೆ ಉದ್ದ ಹಿಡಿಯ ಬೋಲ್ಟ್ ಕಟರ್‌ಗೆ ಸುಲಭದ ತುತ್ತು. ಕೊಂಡಿ ಹೊರಗೆ ಕಾಣದ ದುಂಡು ಡಿಸ್ಕ್ ಬೀಗ, ಶಟರ್‌ಗಳಿಗೆ ಹಾಕುತ್ತಾರಲ್ಲ, ಅಂಥದ್ದು ಡಬ್ಬಿ ಲಾಕಿನ ಗೂಡಿಗೆ ಚೆನ್ನಾಗಿ ಹೊಂದುತ್ತದೆ.

ಬೀಗ ತೆರೆದಿರುವಾಗ ಕೀ ಹೊರಗೆ ಬರುತ್ತದೆಯೇ ನೋಡಿ. ಬೀಗ ಬಿದ್ದ ಮೇಲಷ್ಟೇ ಕೀ ಹೊರಬರುವಂಥದ್ದು ಒಳ್ಳೆಯದು. ಬೀಗ ಸರಿಯಾಗಿ ಬೀಳದೆ ನೀವು ಕೀ ಕಿತ್ತುಕೊಂಡು ಹೋಗುವ ಪ್ರಮೇಯವೇ ಬರುವುದಿಲ್ಲ. ಸುಮ್ನೆ ಒತ್ತಿದರೆ ಟಕ್ ಅಂತ ಬೀಳುವ ಸ್ಪ್ರಿಂಗ್ ಬೀಗಗಳಲ್ಲಿ ಕೆಲವನ್ನು ತೆಳು ತಗಡು ತೂರಿಸಿ ತೆರೆಯಬಹುದು.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಬೀಗದ ಪ್ಯಾಕೆಟ್ ಮೇಲಿನ ಗುರುತು ಕೆಲಸಕ್ಕೆ ಬರುತ್ತದೆ. ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಸಂಸ್ಥೆ ಬೀಗಗಳನ್ನು ನಿಜವಾದ ಸಲಕರಣೆ ಹಿಡಿದು ಒಡೆದು ನೋಡಿ ಬ್ರಾಂಜ್, ಸಿಲ್ವರ್, ಗೋಲ್ಡ್, ಡೈಮಂಡ್ ಅಂತ ದರ್ಜೆ ಕೊಡುತ್ತದೆ. ಕ್ಯಾರವಾನ್ ಹಿಚ್ ಲಾಕ್‌ಗಳ ಮೇಲೆ ಈ ಗುರುತು ಕಾಣಬಹುದು. ಪ್ಯಾಡ್‌ಲಾಕ್‌ಗಳಿಗೆ ಯುರೋಪಿನ ಇಎನ್ 12320 ಅನ್ನುವ ಮಾನದಂಡ ಇದೆ, ಅದರಲ್ಲಿ 1ರಿಂದ 6ರ ತನಕ ದರ್ಜೆ. ಸಂಖ್ಯೆ ಜಾಸ್ತಿ ಆದಷ್ಟೂ ಗಟ್ಟಿ. ಹೊಲದಲ್ಲಿ ನಿಲ್ಲುವ ಟ್ರೇಲರ್‌ಗೆ 4ರ ಮೇಲಿನದು ನೋಡಿ. ಹೈ ಸೆಕ್ಯೂರಿಟಿ, ಹೆವಿ ಡ್ಯೂಟಿ ಅನ್ನುವ ಮಾತು ಯಾರು ಬೇಕಾದರೂ ಅಚ್ಚು ಹಾಕಿಸಬಹುದು. ಅದನ್ನು ಲೆಕ್ಕಕ್ಕೆ ತಗೋಬೇಡಿ.

ಐದನೇ ಹೆಜ್ಜೆ: ನಮ್ಮೂರಲ್ಲೇ ಮಾಡಿಸುವುದು

ಈ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ದಾವಣಗೆರೆಯಲ್ಲಿ ಟ್ರೇಲರ್ ಕಟ್ಟುವ, ಬಾಡಿ ಮಾಡುವ ಗ್ಯಾರೇಜ್‌ಗಳು ಬೇಕಾದಷ್ಟಿವೆ. ಹರಿಹರವಂತೂ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನೇ ತಯಾರಿಸುತ್ತಿದ್ದ ಊರು. ಲೇತ್ ಕೆಲಸ ಬಲ್ಲ ಕೈಗಳು ಅಲ್ಲಿ ಸಿಗುತ್ತವೆ. ಅಳತೆ ಸರಿಯಾಗಿ ಕೊಟ್ಟರೆ ಹೊರಗಿನಿಂದ ತರಿಸಿದ್ದಕ್ಕಿಂತ ಒಳ್ಳೆಯ ಬೀಗ ಇಲ್ಲೇ ಆಗುತ್ತದೆ.

ಹೀಗೆ ಹೇಳಿ ಮಾಡಿಸಿ. ಡಬ್ಬಿಗೆ 10 ಮಿ.ಮೀ. ಪ್ಲೇಟ್, ಸಾಧ್ಯವಾದರೆ 12. ಎರಡು ಹೋಳು. ಒಂದು ಹೋಳಿಗೆ ರಂಧ್ರ ತುಂಬುವ ಸರಳನ್ನು ಒಳಗಿನಿಂದ ಸುತ್ತಲೂ ವೆಲ್ಡ್ ಮಾಡಬೇಕು, ಇನ್ನೊಂದು ಹೋಳು ಅದರ ಮೇಲೆ ಬಂದು ಕೂರಬೇಕು. ಕೀಲು ಡಬ್ಬಿಯ ಒಳಗಡೆಯೇ ಇರಲಿ. ಹೊರಗಿದ್ದರೆ ಕೀಲಿನ ಪಿನ್ ಬಡಿದು ತೆಗೆಯುತ್ತಾರೆ. ವೆಲ್ಡ್ ಚುಕ್ಕೆ ಚುಕ್ಕೆ ಬೇಡ, ಉದ್ದಕ್ಕೂ ಹರಿಯಬೇಕು. ಡಬ್ಬಿಗೂ ರಿಂಗ್‌ಗೂ ನಡುವೆ ಸುತ್ತ 5 ಮಿ.ಮೀ. ಬಿಟ್ಟರೆ ಸಾಕು, ಹಾರೆ ತುದಿ ತೂರುವಷ್ಟು ಜಾಗ ಇರಬಾರದು. ಬೀಗದ ಗೂಡಿನ ಬಾಯಿ ನೆಲದ ಕಡೆ ಇರಲಿ. ಮಳೆ ನೀರು, ಹೊಟ್ಟು, ಧೂಳು ಒಳಗೆ ಕೂರುವುದಿಲ್ಲ. ಕೆಳಗೆ ನೀರು ಬಸಿಯಲು ಒಂದು ಸಣ್ಣ ತೂತು ಇಡಿಸಿ.

ಸರಳಿಗೆ ಸವೆದ ಆಕ್ಸೆಲ್ ಶಾಫ್ಟ್ ತುಂಡು ಬಹಳ ಒಳ್ಳೆಯದು. ಗುಜರಿಯಲ್ಲಿ ಸಿಗುತ್ತದೆ, ಲೇತ್‌ನಲ್ಲಿ ನಿಮ್ಮ ಅಳತೆಗೆ ತಿರುವಿ ಕೊಡುತ್ತಾರೆ.

ಕೆಲವರು ಲಾರಿ ಪಟ್ಟಿ, ಅಂದರೆ ಹಳೆ ಲೀಫ್ ಸ್ಪ್ರಿಂಗ್ ಹಾಕಿಸುತ್ತಾರೆ. ಉಕ್ಕು ಗಟ್ಟಿ, ಗರಗಸ ಹತ್ತುವುದಿಲ್ಲ, ಅದು ನಿಜ. ಆದರೆ ತಣ್ಣಗಿರುವಾಗಲೇ ಮಾಮೂಲಿ ರಾಡ್‌ನಲ್ಲಿ ವೆಲ್ಡ್ ಮಾಡಿದರೆ ವೆಲ್ಡ್ ಪಕ್ಕದಲ್ಲಿ ಉಕ್ಕು ಪೆಡಸಾಗಿ, ಒಂದು ಗಟ್ಟಿ ಏಟಿಗೆ ಪಟ್ ಅಂತ ಬಿಡುತ್ತದೆ. ಅದನ್ನೇ ಹಾಕಿಸುವುದಾದರೆ ಮೊದಲು ಪಟ್ಟಿ ಕಾಯಿಸಿ, 7018 ಅನ್ನುವ ಕಡಿಮೆ ಹೈಡ್ರೋಜನ್‌ನ ವೆಲ್ಡಿಂಗ್ ರಾಡ್ ಬಳಸಿ, ಆಮೇಲೆ ಬೂದಿಯಲ್ಲೋ ಒಣ ಮರಳಿನಲ್ಲೋ ಹೂತು ನಿಧಾನ ಆರಲು ಬಿಡಬೇಕು. ಇಷ್ಟು ತಾಳ್ಮೆ ಇಲ್ಲದ ಅಂಗಡಿಯಾದರೆ ಮಾಮೂಲಿ 12 ಮಿ.ಮೀ. ಪ್ಲೇಟೇ ಮೇಲು.

ಡಬ್ಬಿ ಕೈಗೆ ಬಂದ ಮೇಲೆ ಟ್ರೇಲರ್‌ಗೆ ಹಾಕಿ, ನಿಮ್ಮ ಟ್ರ್ಯಾಕ್ಟರನ್ನೇ ರಿವರ್ಸ್ ತಂದು ಸಿಕ್ಕಿಸಲು ನೋಡಿ. ಪಿನ್, ಬೋಲ್ಟ್, ಸರಳು, ಕೈಗೆ ಸಿಕ್ಕಿದ್ದನ್ನೆಲ್ಲ ತೂರಿಸಿ ನೋಡಿ. ಹಾರೆ ಹಾಕಿ ಮೀಟಿ. ಎಲ್ಲಾದರೂ ದಾರಿ ಸಿಕ್ಕರೆ ಅಂಗಡಿಗೆ ವಾಪಸ್ ಒಯ್ಯಿರಿ. ಈ ಪರೀಕ್ಷೆ ಮಾಡದೆ ದುಡ್ಡು ಕೊಡಬೇಡಿ.

ಆರನೇ ಹೆಜ್ಜೆ: ಚಕ್ರ ಮತ್ತು ನೆಲ

ರಿಂಗ್ ಮುಚ್ಚಿದ ಮೇಲೆ ಕಳ್ಳನಿಗೆ ಉಳಿಯುವ ದಾರಿ ಸರಪಳಿ ಹಾಕಿ ಎಳೆಯುವುದು. ಅದನ್ನು ಮುಚ್ಚಬೇಕು.

ಚಕ್ರದ ಡಿಸ್ಕ್‌ನಲ್ಲಿ ಕಿಂಡಿಗಳಿದ್ದರೆ ಅದರೊಳಗಿಂದ ಸರಪಳಿ ತೂರಿಸಿ ಆಕ್ಸೆಲ್ ಅಥವಾ ಚಾಸಿಸ್‌ಗೆ ಸುತ್ತಿ ಬಿಗಿಯಾಗಿ ಬೀಗ ಹಾಕಿ. ಸಡಿಲ ಬಿಟ್ಟರೆ ಚಕ್ರ ಅರ್ಧ ಸುತ್ತು ತಿರುಗಿ, ಆ ಜಗ್ಗಿಗೆ ಸರಪಳಿ ತುಂಡಾಗಬಹುದು. ಸರಪಳಿ ಕೊಳ್ಳುವಾಗ ಭಾರ ಎತ್ತುವ ಗ್ರೇಡ್ 80 ಕೇಳಿ. ಕೊಂಡಿಗಳ ಮೇಲೆ 8 ಅಥವಾ 80 ಅಂತ ಒತ್ತಿರುತ್ತದೆ. ಕಡಿಮೆಯೆಂದರೆ 10 ಮಿ.ಮೀ. ದಪ್ಪ ಇರಲಿ, 13 ಮಿ.ಮೀ. ಇದ್ದರೆ ಕೈ ಕಟರ್ ಹಿಡಿದವನು ಬಹಳ ಬೆವರಬೇಕು. ಸರಪಳಿ ನೆಲಕ್ಕೆ ತಾಗದಂತೆ ಎತ್ತರದಲ್ಲಿ ಇರಲಿ. ನೆಲಕ್ಕೆ ತಾಗಿದರೆ ಕಟರ್‌ನ ಒಂದು ಹಿಡಿಯನ್ನು ನೆಲಕ್ಕೆ ಊರಿ, ಇನ್ನೊಂದರ ಮೇಲೆ ಮೈಭಾರ ಬಿಟ್ಟು ಕತ್ತರಿಸುತ್ತಾರೆ.

ನಾಲ್ಕು ಚಕ್ರದವರಿಗೆ ಇನ್ನೊಂದು ಉಪಾಯ ಇದೆ, ನನಗೆ ಬಹಳ ಇಷ್ಟವಾದದ್ದು. ಮುಂದಿನ ಆಕ್ಸೆಲ್ ತಿರುಗುವ ಟರ್ನ್‌ಟೇಬಲ್ ಇರುತ್ತದಲ್ಲ, ಮೂತಿಯನ್ನು ಪೂರ್ತಿ ಒಂದು ಪಕ್ಕಕ್ಕೆ ತಿರುಗಿಸಿ, ಆ ಸ್ಥಿತಿಯಲ್ಲಿ ಟರ್ನ್‌ಟೇಬಲ್ ಅಲುಗದಂತೆ ಒಂದು ಬೀಗದ ಪಿನ್ ಕೂರುವ ಹಾಗೆ ಮಾಡಿಸುವುದು. ಮುಂದಿನ ಚಕ್ರ ಅಡ್ಡ ನಿಂತಿರುವ ಗಾಡಿಯನ್ನು ರಸ್ತೆಗೆ ತರುವುದು ಸುಲಭವಲ್ಲ. ಪಿನ್ ಕೂರುವ ಕಿವಿಗಳನ್ನು ಎಲ್ಲಿ ಇಡಬೇಕು ಅನ್ನುವುದನ್ನು ಟ್ರೇಲರ್ ಕಟ್ಟುವವರಿಗೇ ಬಿಡಿ. ಭಾರ ಹೊರುವ ಜಾಗದಲ್ಲಿ ನೀವೇ ತೂತು ಕೊರೆಯಬೇಡಿ. ಪಿನ್‌ಗೆ ಒಂದು ಕೆಂಪು ಬಟ್ಟೆ ಕಟ್ಟಿ. ಬೆಳಗ್ಗೆ ಮರೆತು ಎಳೆದರೆ ಮುರಿಯುವುದು ನಿಮ್ಮದೇ ಗಾಡಿ.

ಒಂದೇ ಕಡೆ ನಿಲ್ಲಿಸುವ ಅಭ್ಯಾಸ ಇದ್ದರೆ ಟ್ರೇಲರನ್ನು ಸರಪಳಿಯಲ್ಲಿ ಕಟ್ಟಲು ನೆಲದಲ್ಲಿ ಕಾಂಕ್ರೀಟ್ ಗೂಟ ಹಾಕಿಸಿ. ಇಲ್ಲಿ ಮಣ್ಣು ನೋಡಬೇಕು. ಹೊಳಲ್ಕೆರೆ, ಹೊಸದುರ್ಗದ ಕಡೆಯ ಕೆಂಪು ಮಸಾರಿ ನೆಲದಲ್ಲಿ ಒಂದೂವರೆ ಅಡಿ ಚೌಕ, ಎರಡು ಅಡಿ ಆಳದ ಗುಂಡಿ ಸಾಕು. ಅದರಲ್ಲಿ ತುಂಬುವ ಕಾಂಕ್ರೀಟ್ ಸುಮಾರು 300 ಕಿಲೋ ತೂಗುತ್ತದೆ. ಎರೆ ಮಣ್ಣಿನಲ್ಲಿ ಇದು ನಡೆಯುವುದಿಲ್ಲ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಒಂದೆರಡು ವರ್ಷದಲ್ಲಿ ಗೂಟ ಸುತ್ತ ಸಂದಿ ಬಿಟ್ಟು ಹಲ್ಲಿನ ಹಾಗೆ ಅಲುಗಾಡುತ್ತದೆ. ಅಲ್ಲಿ ಎರಡು ಅಡಿ ಚೌಕ, ಮೂರು ಅಡಿ ಆಳ ಬೇಕು. ಆಗ ತೂಕ 800 ಕಿಲೋ ಹತ್ತಿರ ಬರುತ್ತದೆ. ಗುಂಡಿಯ ತಳ ಬಾಯಿಗಿಂತ ಅಗಲ ಇರಲಿ, ಮೇಲಕ್ಕೆ ಕಿತ್ತು ಬರುವುದಿಲ್ಲ.

ಕಾಂಕ್ರೀಟಿನಲ್ಲಿ 20 ಅಥವಾ 25 ಮಿ.ಮೀ. ಸರಳನ್ನು ಕುದುರೆ ಲಾಳದಂತೆ ಬಗ್ಗಿಸಿ ಹೂಳಬೇಕು. ಅದರ ಕಾಲುಗಳು ತಳದ ಹತ್ತಿರದ ತನಕ ಹೋಗಿ ಹೊರಕ್ಕೆ ಬಾಗಿರಲಿ, ಒಂದು ಅಡ್ಡ ಸರಳೂ ಇರಲಿ. ವಾರವಾದರೂ ನೀರು ಹಾಕಿ ಹದ ಮಾಡಿ. ಅದಕ್ಕೂ ಮುಂಚೆ ಸರಪಳಿ ಕಟ್ಟಿ ಎಳೆದು ನೋಡಬೇಡಿ.

ಗೂಟ ಇಲ್ಲದವರು ನಿಲ್ಲಿಸುವ ರೀತಿಯಲ್ಲೇ ಅರ್ಧ ಕೆಲಸ ಮಾಡಿಕೊಳ್ಳಬಹುದು. ಮೂತಿಯನ್ನು ರಸ್ತೆ ಕಡೆ ಬಿಡಬೇಡಿ, ಗೋಡೆಗೋ ಮರಕ್ಕೋ ಮುಖ ಮಾಡಿ. ಅಣ್ಣ ತಮ್ಮಂದಿರ ಟ್ರೇಲರ್‌ಗಳಿದ್ದರೆ ಮೂತಿಗೆ ಮೂತಿ ಸೇರಿಸಿ ನಿಲ್ಲಿಸಿ, ಎರಡಕ್ಕೂ ಒಂದೇ ಸರಪಳಿ ಹಾಕಿ. ಜಾಕ್ ಹಿಡಿ ಬಿಚ್ಚಿಕೊಂಡು ಮನೆಗೆ ತನ್ನಿ.

ಟ್ರ್ಯಾಕ್ಟರ್‌ಗೆ ಸಿಕ್ಕಿಸಿಯೇ ಇದ್ದಾಗ

ಎಪಿಎಂಸಿ ಸರದಿಯಲ್ಲಿ, ಅಕ್ಕಿ ಗಿರಣಿ ಮುಂದೆ, ಹೆದ್ದಾರಿ ಪಕ್ಕದ ಢಾಬಾ ಹತ್ತಿರ ರಾತ್ರಿ ಕಳೆಯಬೇಕಾಗುತ್ತದೆ. ಆಗ ಡಬ್ಬಿ ಹಾಕಲು ಆಗುವುದಿಲ್ಲ. ಅದಕ್ಕೆ ತಲೆ ಇರುವ ಹಿಚ್ ಪಿನ್ ಮಾಡಿಸಿ, ಕೆಳ ತುದಿಯಲ್ಲಿ ಕಾಟರ್ ಪಿನ್ ಬದಲು ಬೀಗ ಕೂರುವಂತೆ ತೂತು ಇಡಿಸಿ. ಪಿನ್‌ನ ಕೊನೆಯಲ್ಲಿ, ಭಾರ ಬೀಳದ ಭಾಗದಲ್ಲಷ್ಟೇ ತೂತು ಇರಬೇಕು. ಓಡಿಸುವ ಮೊದಲು ಬೀಗ ತೆಗೆದು ಮಾಮೂಲಿ ಕ್ಲಿಪ್ ಹಾಕಿಕೊಳ್ಳಿ. ದಾರಿಯಲ್ಲಿ ಅವಘಡವಾಗಿ ಟ್ರೇಲರನ್ನು ತಕ್ಷಣ ಬಿಚ್ಚಬೇಕಾದಾಗ ಕೀ ಹುಡುಕುತ್ತಾ ನಿಲ್ಲುವಂತಾಗಬಾರದು.

ಕ್ಯಾರವಾನ್ ಅಥವಾ ಬಾಲ್ ಕಪ್ಲರ್ ಇರುವವರಿಗೆ

ಕಾರಿಗೆ ಸಿಕ್ಕಿಸುವ ಸಣ್ಣ ಕ್ಯಾರವಾನ್, ಬೈಕ್ ಸಾಗಿಸುವ ಟ್ರೇಲರ್ ಇಟ್ಟವರು ರೆಡಿಮೇಡ್ ಬೀಗವನ್ನೇ ಕೊಳ್ಳಬಹುದು. ಕಪ್ಲರ್ ಮೇಲೆ ಕಂಪನಿ ಹೆಸರು, ಮಾದರಿ ಸಂಖ್ಯೆ ಒತ್ತಿರುತ್ತದೆ. ಅದೇ ಮಾದರಿಗೆ ಮಾಡಿದ ಬೀಗ ತಗೊಳ್ಳಿ, ಎಲ್ಲಕ್ಕೂ ಆಗುತ್ತದೆ ಅನ್ನುವುದು ಯಾವುದಕ್ಕೂ ಸರಿಯಾಗಿ ಕೂರುವುದಿಲ್ಲ. ಎರಡು ವಿಷಯ ನೋಡಿ. ಬಟ್ಟಲಿನೊಳಗೆ ಗುಂಡು ಹೋಗದಂತೆ ಬೀಗ ಅದನ್ನು ತುಂಬಬೇಕು. ಕಪ್ಲರನ್ನು ಮೂತಿಗೆ ಹಿಡಿದಿರುವ ಬೋಲ್ಟ್‌ಗಳನ್ನೂ ಅದು ಮುಚ್ಚಬೇಕು. ಚಕ್ರದ ಬೀಗ ಇಲ್ಲೂ ಬೇಕು. ಕೋಟೆ ನೋಡಲು ಬಂದು ಚಿತ್ರದುರ್ಗದಲ್ಲಿ ತಂಗುವವರು ಕಾರನ್ನು ಬಿಚ್ಚದೆಯೇ ಹಾಕಬಹುದಾದ ಬೀಗ ಇಟ್ಟುಕೊಂಡರೆ ಅನುಕೂಲ.

ಏಳನೇ ಹೆಜ್ಜೆ: ಗುರುತು, ಕಾಗದ, ವಿಮೆ

ಕದ್ದ ಟ್ರೇಲರ್‌ಗೆ ಮೊದಲು ಆಗುವುದು ಹೊಸ ಬಣ್ಣ. ಹಿಂದಿನ ಹಲಗೆಯ ಮೇಲೆ ಬರೆಸಿದ ಮನೆದೇವರ ಹೆಸರು ಬಣ್ಣದಡಿ ಮುಚ್ಚಿಹೋಗುತ್ತದೆ. ಅದಕ್ಕೇ ಸುಲಭಕ್ಕೆ ಕಾಣದ ಎರಡು ಮೂರು ಜಾಗದಲ್ಲಿ, ಅಂದರೆ ತಳದ ಅಡ್ಡಪಟ್ಟಿಯ ಒಳಮೈ, ಬಾಡಿ ಚಾನೆಲ್‌ನ ಹಿಂಭಾಗದಲ್ಲಿ ನಿಮ್ಮ ನೋಂದಣಿ ಸಂಖ್ಯೆಯನ್ನು ವೆಲ್ಡ್ ಚುಕ್ಕೆಯಲ್ಲೇ ಬರೆಸಿ. ಚಾಸಿಸ್ ಸಂಖ್ಯೆ, ಆ ಗುರುತುಗಳು, ಟೈರ್ ಸಂಖ್ಯೆ, ಹಾಕಿದ ಬೀಗ ಎಲ್ಲದರ ಫೋಟೋ ಮೊಬೈಲ್‌ನಲ್ಲಿ ಇರಲಿ.

ಟ್ರೇಲರ್‌ಗೆ ಟ್ರ್ಯಾಕ್ಟರ್‌ನಿಂದ ಬೇರೆಯದೇ ನೋಂದಣಿ ಇದೆ. ದಾವಣಗೆರೆಯದಾದರೆ ಕೆಎ 17, ಚಿತ್ರದುರ್ಗದ್ದಾದರೆ ಕೆಎ 16. ನೋಂದಣಿ ಮಾಡಿಸದೆ ಓಡಿಸುವವರು ಕಳುವಾದ ದಿನ ಅದು ನಮ್ಮದು ಅಂತ ತೋರಿಸಲು ಬಹಳ ಪರದಾಡಬೇಕಾಗುತ್ತದೆ. ವಿಮೆಯೂ ಹಾಗೆಯೇ. ಪಾಲಿಸಿಯಲ್ಲಿ ಟ್ರೇಲರ್ ಹೆಸರು ಪ್ರತ್ಯೇಕ ಇದೆಯೇ ನೋಡಿ. ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಕಳ್ಳತನಕ್ಕೆ ಪರಿಹಾರ ಇಲ್ಲ. ಗಾಡಿಯ ರಕ್ಷಣೆಗೆ ಮಾಲೀಕ ತಕ್ಕ ಎಚ್ಚರ ವಹಿಸಿರಬೇಕು ಅನ್ನುವ ಷರತ್ತೂ ಇರುತ್ತದೆ. ಬೀಗದ ಬಿಲ್ಲು, ಫೋಟೋ ಇದ್ದರೆ ಆ ಪ್ರಶ್ನೆಗೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

ಕಳುವಾದದ್ದು ಗೊತ್ತಾದ ಕೂಡಲೇ 112ಕ್ಕೆ ಕರೆ ಮಾಡಿ. ಊರವರ ಜೊತೆ ಹುಡುಕುವುದು ಅದರ ಪಕ್ಕದಲ್ಲೇ ನಡೆಯಲಿ, ಕರೆ ತಡವಾಗುವುದು ಬೇಡ. ಠಾಣೆಯಲ್ಲಿ ಎಫ್‌ಐಆರ್ ಆಗಬೇಕು. 2024ರ ಜುಲೈ 1ರಿಂದ ಕಳ್ಳತನದ ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನಡಿ ಬರುತ್ತದೆ. ಬೇರೆ ಠಾಣೆಯ ವ್ಯಾಪ್ತಿ ಅಂತ ಅನ್ನಿಸಿದರೂ ಹತ್ತಿರದ ಠಾಣೆಯಲ್ಲೇ ಝೀರೋ ಎಫ್‌ಐಆರ್ ದಾಖಲಿಸಬಹುದು. ವಿಮಾ ಕಂಪನಿಗೂ ಅದೇ ದಿನ ತಿಳಿಸಿ. ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಕೊಡುವ ಸಿ ರಿಪೋರ್ಟ್ ಆಮೇಲೆ ಬೇಕಾಗುತ್ತದೆ.

ಬೀಗದ ಆರೈಕೆ

ನಮ್ಮ ಧೂಳಿಗೆ ಎಂಥ ಬೀಗವೂ ಹಿಡಿದುಕೊಳ್ಳುತ್ತದೆ. ಕೀ ತೂತಿಗೆ ಇಂಜಿನ್ ಆಯಿಲ್, ಗ್ರೀಸ್ ಬಿಡಬೇಡಿ. ಧೂಳು ಅದಕ್ಕೆ ಅಂಟಿ ಗಟ್ಟಿ ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಹಾಕಿ, ಕೀ ನಾಲ್ಕು ಸಲ ಆಡಿಸಿ. ಸರಳಿಗೆ, ಡಬ್ಬಿಯ ಒಳಮೈಗೆ ಮಾತ್ರ ತೆಳುವಾಗಿ ಗ್ರೀಸ್ ಸವರಬಹುದು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಸುಗ್ಗಿ ಮುಗಿದು ನಿಲ್ಲಿಸುವಾಗ ಒಮ್ಮೆ ಮಾಡಿದರೆ ಸಾಕು. ಕೀ ಮೇಲಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಒಂದು ಕೀ ಮನೆಯ ಬೀರುವಿನಲ್ಲಿ, ಇನ್ನೊಂದು ನಿಮ್ಮ ಬಳಿ ಇರಲಿ. ಎರಡನ್ನೂ ಟ್ರ್ಯಾಕ್ಟರ್ ಟೂಲ್ ಬಾಕ್ಸ್‌ನಲ್ಲಿ ಇಡಬೇಡಿ.